ಹಳೇ ಜಿಪ್ಸಿಯ ಮೈಲೇಜು: ಮೊದಲು ಅಳತೆ, ಆಮೇಲೆ ಪಾನಾ

ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ ಪೆಟ್ರೋಲ್ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್, ಐದು ಗೇರು, ಬೇಕಾದಾಗ ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಎರಡನೇ ಲಿವರ್. ಮಾಲೀಕರು ಗದಗಿನ ನಮ್ಮ ಕಾಕಾ. ಡಂಬಳದ ಕಡೆ ಹೊಲ. ಹೆಸರು, ಕಡಲೆ, ಒಂದಿಷ್ಟು ಮೆಣಸಿನಕಾಯಿ. ಆಗಾಗ ಹುಬ್ಬಳ್ಳಿಗೆ ಓಡಾಟ. ಗಾಡಿಯ ಮೇಲೆ ದೂರು ಒಂದೇ: ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತದೆ.

"ಎವರೇಜ್ ಆರಕ್ಕ ಬಂದೈತಿ ನೋಡು ತಮ್ಮಾ. ಇಂಜಿನ್ ಬಿಚ್ಚಿ ಬೋರ್ ಮಾಡಸ್ಬೇಕಂತ," ಅಂದರು ಕಾಕಾ.

ಬೋರ್ ಮಾಡಿಸುವುದು, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿಮಾಡಿಸುವುದು, ಸಣ್ಣ ಖರ್ಚಲ್ಲ. ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುತ್ತದೆ. ಅದೂ ಹೆಸರು ಕೀಳುವ ಹೊತ್ತಿನಲ್ಲಿ. ಹಾಗಾಗಿ ನನಗೆ ಮೊದಲು ತಿಳಿಯಬೇಕಾಗಿದ್ದು ಇಷ್ಟೇ: ಲೀಟರಿಗೆ ಆರು ಕಿಲೋಮೀಟರ್ ಎಂಬ ಈ ಲೆಕ್ಕ ಬಂದಿದ್ದು ಎಲ್ಲಿಂದ?

ಬಾಟಲಿ ಲೆಕ್ಕ

ಊರಿನ ಮಿಸ್ತ್ರಿ ಬಾಟಲಿ ಇಟ್ಟು ನೋಡಿದ್ದ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿಧಾನ. ಟ್ಯಾಂಕಿನ ಪೈಪ್ ತೆಗೆದು, ಒಂದು ಲೀಟರ್ ಪೆಟ್ರೋಲ್ ಇರುವ ಬಾಟಲಿಗೆ ಜೋಡಿಸಬೇಕು. ಗಾಡಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಬೈಕಿಗೆ ಇದು ಚೆನ್ನಾಗಿ ನಡೆಯುತ್ತದೆ. ಬೈಕಿನ ಕಾರ್ಬ್ಯುರೇಟರಿಗೆ ಹೋದ ಪೆಟ್ರೋಲ್ ವಾಪಸ್ ಬರುವುದಿಲ್ಲ.

ಜಿಪ್ಸಿಯಲ್ಲಿ ಹಾಗಲ್ಲ. ಪೆಟ್ರೋಲ್ ಪಂಪಿನಿಂದ ಟ್ಯಾಂಕಿಗೆ ಒಂದು ರಿಟರ್ನ್ ಪೈಪ್ ಇದೆ. ಇಂಜಿನ್ನಿಗೆ ಬೇಕಾದ್ದಕ್ಕಿಂತ ಜಾಸ್ತಿ ಬಂದ ಪೆಟ್ರೋಲ್ ಅದರಲ್ಲಿ ಟ್ಯಾಂಕಿಗೆ ಹಿಂದಿರುಗುತ್ತದೆ. ಬಾಟಲಿಯನ್ನು ಒಳಬರುವ ಪೈಪಿಗೆ ಜೋಡಿಸಿ, ರಿಟರ್ನ್ ಪೈಪನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಬಾಟಲಿಯ ಒಂದಿಷ್ಟು ಪೆಟ್ರೋಲ್ ಸುಮ್ನೆ ಹಿಂದಿನ ಟ್ಯಾಂಕ್ ಸೇರುತ್ತದೆ. ಇಂಜಿನ್ ಸುಟ್ಟಿದ್ದು ಮುಕ್ಕಾಲು ಲೀಟರ್ ಆಗಿದ್ದರೂ ಲೆಕ್ಕಕ್ಕೆ ಬರುವುದು ಪೂರ್ತಿ ಲೀಟರ್. ಜೊತೆಗೆ ಬಿಸಿ ಸೈಲೆನ್ಸರ್ ಪೈಪಿನ ಹತ್ತಿರ ಪೆಟ್ರೋಲ್ ಬಾಟಲಿ ತೂಗಾಡಿಸಿಕೊಂಡು ಓಡುವುದು ಬೆಂಕಿಗೆ ಕರೆ ಕೊಟ್ಟಂತೆ. ಕಾರು, ಜೀಪಿಗೆ ಇದನ್ನು ಮಾಡಲೇಬಾರದು.

ಕಾಕಾ ಮೊದಲು ಮಾಡುತ್ತಿದ್ದ ಲೆಕ್ಕವೂ ಗಟ್ಟಿ ಅಲ್ಲ. ಸಾವಿರ ರೂಪಾಯಿಗೆ ಹಾಕಿಸುವುದು, ಮುಳ್ಳು ಮತ್ತೆ ಮೊದಲಿನ ಗೆರೆಗೆ ಬಂದಾಗ ಕಿಲೋಮೀಟರ್ ನೋಡುವುದು. ಹಳೇ ಗಾಡಿಯ ಪೆಟ್ರೋಲ್ ಮುಳ್ಳು ಏರಿನಲ್ಲಿ ಒಂದು, ಇಳಿಜಾರಿನಲ್ಲಿ ಇನ್ನೊಂದು ಹೇಳುತ್ತದೆ. ಈಗ ಸಾವಿರಕ್ಕೆ ಹತ್ತು ಲೀಟರ್ ಕೂಡ ಬರುವುದಿಲ್ಲ. ಮುಳ್ಳು ಎರಡು ಲೀಟರ್ ಸುಳ್ಳು ಹೇಳಿದರೂ ಐದರಲ್ಲಿ ಒಂದು ಭಾಗ ತಪ್ಪಾಯಿತು. ರಿಪೇರಿಯಿಂದ ಸಿಗುವ ಲಾಭವೇ ಅದಕ್ಕಿಂತ ಕಡಿಮೆ ಇದ್ದರೆ, ಅದು ಸಿಕ್ಕಿತೋ ಇಲ್ಲವೋ ತಿಳಿಯುವುದಾದರೂ ಹೇಗೆ?

ಅಳತೆಗೆ ಕೂತಿದ್ದು

ನಾವು ಹಿಡಿದದ್ದು ಟ್ಯಾಂಕ್ ತುಂಬಿಸಿ ಟ್ಯಾಂಕ್ ತುಂಬಿಸುವ ಹಳೆಯ ವಿಧಾನವನ್ನೇ. ಆದರೆ ಕಟ್ಟುನಿಟ್ಟಾಗಿ. ಒಂದೇ ಬಂಕ್, ಒಂದೇ ಪಂಪ್, ಗಾಡಿ ನಿಲ್ಲುವ ಜಾಗವೂ ಒಂದೇ. ಗಾಡಿ ಸ್ವಲ್ಪ ಓರೆಯಾಗಿ ನಿಂತರೂ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ಬಂಕಿನ ಹುಡುಗನಿಗೆ ಒಂದೇ ಮಾತು: ನಿಧಾನ ಹಾಕು, ನಳಿಕೆ ಮೊದಲ ಸಲ ಟಕ್ ಅಂದಾಗ ನಿಲ್ಲಿಸು. ರೂಪಾಯಿ ರೌಂಡ್ ಮಾಡೋಕೆ ಹೋಗಬೇಡ. ಈ ಕೊನೆಯ ಮಾತನ್ನು ಪಾಲಿಸುವುದು ಅವನಿಗೆ ತುಂಬಾ ಕಷ್ಟವಾಯಿತು. 3,486 ರೂಪಾಯಿಗೆ ನಿಲ್ಲಿಸು ಅಂದರೆ ಯಾರಿಗಾದರೂ ಕೈ ತಡೆಯುವುದಿಲ್ಲ, ಅಲ್ವಾ?

ಟ್ಯಾಂಕ್ 40 ಲೀಟರಿನದು. ಪ್ರತಿ ಸಲವೂ 30 ಲೀಟರ್ ದಾಟಿದ ಮೇಲೆಯೇ ಮತ್ತೆ ತುಂಬಿಸಿದೆವು. ತುಂಬಿಸುವಾಗಿನ ಅರ್ಧ ಲೀಟರ್ ಹೆಚ್ಚುಕಡಿಮೆ ಹತ್ತು ಲೀಟರಿನಲ್ಲಿ ದೊಡ್ಡದು, ಮೂವತ್ತರಲ್ಲಿ ಸಣ್ಣದು. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ ಎಂದು ಕಾಕಾ ನಂಬಿದ್ದರು. ಹತ್ತು ಡಿಗ್ರಿ ಏರಿದರೆ ಪೆಟ್ರೋಲ್ ಹಿಗ್ಗುವುದು ನೂರಕ್ಕೆ ಒಂದರಷ್ಟು. ಬಂಕಿನ ಟ್ಯಾಂಕ್ ನೆಲದೊಳಗಿದೆ, ಬೆಳಗಿಗೂ ಮಧ್ಯಾಹ್ನಕ್ಕೂ ಅಲ್ಲಿ ಅಂಥ ವ್ಯತ್ಯಾಸ ಆಗುವುದಿಲ್ಲ. ನಾವೂ ಬೆಳಿಗ್ಗೆಯೇ ಹೋದೆವು. ಬಂಕಿನಲ್ಲಿ ಗದ್ದಲ ಇರುವುದಿಲ್ಲ ಎಂಬುದಷ್ಟೇ ಕಾರಣ.

ದಾರಿ ಗದಗ–ಅಣ್ಣಿಗೇರಿ–ಹುಬ್ಬಳ್ಳಿ, ಹೋಗಿ ಬರುವುದು. ಈ ಹೆದ್ದಾರಿ ಅಳತೆಗೆ ಹೇಳಿ ಮಾಡಿಸಿದ ಹಾಗಿದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ, ನಡುವೆ ಘಟ್ಟವಿಲ್ಲ, ಬಯಲು ಎರೆಭೂಮಿ. ಒಂದೇ ತೊಂದರೆ ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹುಬ್ಬಳ್ಳಿಯಿಂದ ಗದಗಿಗೆ ಬರುವಾಗ ಬೆನ್ನಿಗೆ ಇರುತ್ತದೆ, ಹೋಗುವಾಗ ಎದೆಗೆ. ಜಿಪ್ಸಿಯ ಮುಖವೋ ಗೋಡೆಯಷ್ಟು ನೆಟ್ಟಗೆ. ಹೋಗುವ ದಾರಿಯ ಲೆಕ್ಕ ಬೇರೆ, ಬರುವ ದಾರಿಯ ಲೆಕ್ಕ ಬೇರೆ. ಅದಕ್ಕೇ ಒಂದು ದಿಕ್ಕಿನ ಓಟವನ್ನು ನಾವು ಲೆಕ್ಕಕ್ಕೇ ಹಿಡಿಯಲಿಲ್ಲ. ಪ್ರತಿ ಟ್ಯಾಂಕೂ ಗದಗಿನಲ್ಲಿ ಶುರುವಾಗಿ ಗದಗಿನಲ್ಲೇ ಮುಗಿಯಬೇಕು.

ಹೊಲದ ಓಡಾಟವನ್ನು ಈ ಟ್ಯಾಂಕುಗಳಿಂದ ಹೊರಗಿಟ್ಟೆವು. ಕೆಸರಿನಲ್ಲಿ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಗೇರು) ಹಾಕಿದಾಗ ಅದೇ ವೇಗಕ್ಕೆ ಇಂಜಿನ್ ಒಂದೂವರೆ ಪಟ್ಟಿಗಿಂತ ಜಾಸ್ತಿ ಸುತ್ತುತ್ತದೆ. ಅಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕೆ ಅರ್ಥವಿಲ್ಲ, ಗಂಟೆಗೆ ಎಷ್ಟು ಲೀಟರ್ ಎಂದು ಕೇಳಬೇಕು. ಅಳತೆ ನಡೆಯುವಾಗ ಹೊಲಕ್ಕೆ ಬೈಕಿನಲ್ಲಿ ಹೋಗಿ ಅಂದಿದ್ದಕ್ಕೆ ಕಾಕಾ ಮುಖ ಸಿಂಡರಿಸಿದರು, ಆದರೆ ಹೋದರು.

ಟೈರು ತಿಂದ ಕಿಲೋಮೀಟರು

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದು. ಕಂಪನಿಯಿಂದ ಬಂದ 205/70 ಆರ್ 15 ಟೈರು ತೆಗೆದು ಕಾಕಾ 235/75 ಆರ್ 15 ಹಾಕಿಸಿದ್ದರು. ನೋಡಲು ಗಾಡಿ ಭರ್ಜರಿ. ಮೊದಲ ಟೈರಿನ ಅಡ್ಡಳತೆ (ವ್ಯಾಸ) ಸುಮಾರು 668 ಮಿಲಿಮೀಟರ್, ಎರಡನೆಯದು ಸುಮಾರು 733. ಅಂದರೆ ಚಕ್ರ ಒಂದು ಸುತ್ತು ಸುತ್ತಿದಾಗ ಗಾಡಿ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ ದೂರ ಹೋಗುತ್ತದೆ. ಓಡೋಮೀಟರಿಗೆ ಇದು ಗೊತ್ತಿಲ್ಲ. ಅದು ಎಣಿಸುವುದು ಸುತ್ತುಗಳನ್ನು, ದೂರವನ್ನಲ್ಲ.

ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದೆವು, ಮೊಬೈಲಿನ ಜಿಪಿಎಸ್ ಜೊತೆಗೂ ನೋಡಿದೆವು. ಕಲ್ಲಿನ ಲೆಕ್ಕದಲ್ಲಿ 50 ಆದಾಗ ಓಡೋಮೀಟರ್ ತೋರಿಸಿದ್ದು 45.6. ಟೈರಿನ ಅಳತೆಯಿಂದ ಬಂದ ಲೆಕ್ಕಕ್ಕೆ ಸರಿಯಾಗಿ ಕೂಡಿತು. ಹಾಗಾಗಿ ಓಡೋಮೀಟರ್ ಹೇಳಿದ್ದನ್ನು 1.098ರಿಂದ ಗುಣಿಸಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದೆವು.

ದೊಡ್ಡ ಟೈರು ಹಾಕಿಸಿದವರೆಲ್ಲ "ಅವತ್ತಿಂದ ಮೈಲೇಜ್ ಬಿತ್ತು" ಎನ್ನುತ್ತಾರೆ. ನಿಜವಾಗಿಯೂ ಒಂದಿಷ್ಟು ಬೀಳುತ್ತದೆ. ಚಕ್ರ ಭಾರವಾಗುತ್ತದೆ, ಅಗಲವಾಗುತ್ತದೆ. ಆದರೆ ಅವರು ಹೇಳುವ ಇಳಿಕೆಯಲ್ಲಿ ದೊಡ್ಡ ಪಾಲು ಬರೀ ಎಣಿಕೆಯದು. ಅದಕ್ಕೆ ಯಾವ ಮಿಸ್ತ್ರಿಯ ಹತ್ತಿರವೂ ಔಷಧಿಯಿಲ್ಲ.

ಒಂದು ಟ್ಯಾಂಕಿನ ಲೆಕ್ಕ ಹೀಗಿತ್ತು. ಓಡೋಮೀಟರ್ 248, ಪೆಟ್ರೋಲ್ 34 ಲೀಟರ್. ನೇರ ಭಾಗಿಸಿದರೆ 7.3. ಸರಿಪಡಿಸಿದ ದೂರ 272, ಆಗ ಲೀಟರಿಗೆ 8. ಉಳಿದ ಟ್ಯಾಂಕುಗಳು 7.8ರಿಂದ 8.3ರ ನಡುವೆ ಆಡಿದವು. ಅಂದರೆ ಯಾವುದೇ ರಿಪೇರಿ ಆದ ಮೇಲೆ 0.2 ಜಾಸ್ತಿ ಬಂದರೆ ಕುಣಿಯಬೇಕಿಲ್ಲ. ಗಾಡಿ ಮುಟ್ಟದೆ ಇದ್ದಾಗಲೂ ಅಷ್ಟು ಅತ್ತಿತ್ತ ಆಗುತ್ತದೆ.

ಆರು ಅಂತ ಇದ್ದದ್ದು ಒಂದು ಪಾನಾ ಹಿಡಿಯದೆ ಎಂಟಾಯಿತು. "ಹಂಗಾರ ಬೋರ್ ಬ್ಯಾಡ ಅಂತೀಯೇನು?" ಎಂದು ಕಾಕಾ ಕೇಳಿದರು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಚೆಕ್ ಮಾಡಿಸೋಣ್ರಿ ಅಂದೆ. ನಾಲ್ಕೂ ಸಿಲಿಂಡರ್ ಸರಿಸಮ ಬಂದವು. ಸೈಲೆನ್ಸರಿನಿಂದ ನೀಲಿ ಹೊಗೆಯಿಲ್ಲ, ಆಯಿಲ್ ಇಳಿಯುತ್ತಿಲ್ಲ. ಬೋರ್ ಮಾತು ಅಲ್ಲಿಗೆ ಮುಗಿಯಿತು. ಆದರೂ ಎಂಟು ಕಡಿಮೆಯೇ. ಇಂಥ ನೇರ ಹೆದ್ದಾರಿಯಲ್ಲಿ ಈ ಇಂಜಿನ್ನಿಂದ ಹತ್ತು ದಾಟುವುದನ್ನು ನಿರೀಕ್ಷಿಸಬಹುದು.

ಗಾಡಿಯನ್ನು ಹಿಡಿದು ನಿಲ್ಲಿಸಿದ್ದು ಯಾವುದು?

ಮೊದಲು ಇಂಜಿನ್ ಬಿಟ್ಟು ಚಕ್ರ ನೋಡಿದೆವು. ಡಂಬಳದ ಕಡೆ ವಾಹನವಿಲ್ಲದ ಒಂದು ಸಮತಟ್ಟು ರಸ್ತೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಿ, 40ರ ವೇಗದಲ್ಲಿ ನ್ಯೂಟ್ರಲ್ ಮಾಡಿ, ಬ್ರೇಕ್ ಮುಟ್ಟದೆ ಬಿಟ್ಟೆವು. ಎಲ್ಲಿ ನಿಲ್ಲುತ್ತದೆ ಎಂದು ಕರೆಂಟ್ ಕಂಬ ಎಣಿಸಿದೆವು. ಆರನೇ ಕಂಬದ ಹತ್ತಿರ ನಿಂತಿತು. ತಿರುಗಿಸಿಕೊಂಡು ಇನ್ನೊಂದು ದಿಕ್ಕಿನಿಂದ ಬಿಟ್ಟರೂ ಅಷ್ಟೇ.

ಆಮೇಲೆ ಬ್ರೇಕ್ ಜಾಸ್ತಿ ಹಾಕದೆ ಕೆಲವು ಕಿಲೋಮೀಟರ್ ಓಡಿಸಿ, ಚಕ್ರದ ನಡುವಿನ ಬಿಸಿಯನ್ನು ಅಳತೆ ಗನ್ನಿನಿಂದ ನೋಡಿದೆವು. ಮೂರು ಚಕ್ರ 45ರಿಂದ 50 ಡಿಗ್ರಿ. ಮುಂದಿನ ಬಲಗಡೆಯದು 85. ಗನ್ ಇಲ್ಲದಿದ್ದರೂ ಕೈ ಹತ್ತಿರ ತಂದರೆ ಸಾಕು, ಗೊತ್ತಾಗುತ್ತದೆ. ಬಿಚ್ಚಿದಾಗ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರ್ ಜಾರುವ ಪಿನ್ನುಗಳು ಎರೆಮಣ್ಣು ತುಂಬಿ ಕಚ್ಚಿಕೊಂಡಿದ್ದವು. ಪೆಡಲ್ ಬಿಟ್ಟರೂ ಪ್ಯಾಡ್ ಪೂರ್ತಿ ಬಿಡುತ್ತಿರಲಿಲ್ಲ. ನಮ್ಮ ಮಣ್ಣಿನ ಗುಣವೇ ಹಾಗೆ. ಹಸಿ ಇದ್ದಾಗ ಅಂಟಾಗಿ ಒಳಗೆ ಹೋಗುತ್ತದೆ, ಒಣಗಿದಾಗ ಇಟ್ಟಿಗೆಯಾಗುತ್ತದೆ. ಗಾಡಿ ತೊಳೆಯುವವರು ಬಾಡಿಗೆ ಶಾಂಪೂ ಹಾಕುತ್ತಾರೆ, ಚಕ್ರದ ಒಳಮೈಗೆ ಒಂದು ಸಲವೂ ನೀರು ಬಿಡುವುದಿಲ್ಲ. ಪಿನ್ ತೊಳೆದು, ಬ್ರೇಕಿಗೆಂದೇ ಸಿಗುವ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬೂಟ್ ಬದಲಿಸಿದರು. ಹ್ಯಾಂಡ್ ಬ್ರೇಕ್ ಕೇಬಲ್ ಕೂಡ ಅರ್ಧ ಎಳೆದುಕೊಂಡೇ ಇತ್ತು. ಅದನ್ನೂ ಸಡಿಲಿಸಿದರು.

ಟೈರಿನ ಗಾಳಿಯ ವಿಷಯಕ್ಕೆ ಕಾಕಾ ಜೊತೆ ಸ್ವಲ್ಪ ವಾದವಾಯಿತು. ಹೊಲದ ಕೆಸರಿಗೆ 18 ಪಿಎಸ್ಐ ಸರಿ. ಟೈರು ಅಗಲವಾಗಿ ಕೂರುತ್ತದೆ, ಮುಳುಗುವುದಿಲ್ಲ. ಆದರೆ ಅದೇ 18ರಲ್ಲಿ ಹುಬ್ಬಳ್ಳಿಗೆ ಹೋಗುವುದು ಪೆಟ್ರೋಲ್ ಚೆಲ್ಲಿಕೊಂಡು ಹೋದಂತೆ. ಟೈರೂ ಬಿಸಿಯಾಗುತ್ತದೆ, ಅದು ಇನ್ನೂ ಅಪಾಯ. ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್ ತಂದೆವು. ಡಾಂಬರಿಗೆ ಹತ್ತುವ ಮುಂಚೆ 26. ಇನ್ನೊಂದು ಚಟವೂ ಇತ್ತು: ಹೊಲದಿಂದ ಬಂದ ಮೇಲೆ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಗೇರು) ತೆಗೆಯಲು ಮರೆಯುವುದು. ಈ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಸುತ್ತಿನ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಗಟ್ಟಿ ರಸ್ತೆಯ ತಿರುವಿನಲ್ಲಿ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಟೈರು, ಗೇರು, ಪೆಟ್ರೋಲ್ ಮೂರಕ್ಕೂ ನಷ್ಟ.

ಇಷ್ಟಾದ ಮೇಲೆ ಅದೇ ರಸ್ತೆಯಲ್ಲಿ ಗಾಡಿ ಎಂಟನೇ ಕಂಬ ದಾಟಿ ನಿಂತಿತು. ಟ್ಯಾಂಕಿನ ಲೆಕ್ಕ 8.8.

ಗೋಕುಲ ರೋಡಿನ ಗ್ಯಾರೇಜಿನಲ್ಲಿ

ಇಂಜಿನ್ನಿಗೆ ಹುಬ್ಬಳ್ಳಿಗೆ ಹೋದೆವು. ಹಳೇ ಕಾರ್ಬ್ಯುರೇಟರ್ ಗಾಡಿ ಬಿಚ್ಚಿ ಕಟ್ಟುವವರು ಈಗ ಕಡಿಮೆಯಾಗುತ್ತಿದ್ದಾರೆ. ನಮಗೆ ಸಿಕ್ಕ ಮಿಸ್ತ್ರಿ ಹಿರಿಯರು. ಬಾನೆಟ್ ತೆಗೆಯುವ ಮುಂಚೆ ಡ್ಯಾಶ್‌ಬೋರ್ಡ್ ನೋಡಿ, "ಹೀಟ್ ಮುಳ್ಳು ಯಾವಾಗ್ಲೂ ಇಷ್ಟ ಕೆಳಗ ಇರ್ತೈತೇನ್ರಿ?" ಎಂದರು. ಹೌದು, ನಮ್ಮ ಗಾಡಿ ಎಂದೂ ಹೀಟ್ ಆಗುವುದಿಲ್ಲ ಎಂದು ಕಾಕಾ ಹೆಮ್ಮೆಯಿಂದ ಹೇಳಿದರು. ಮಿಸ್ತ್ರಿ ನಕ್ಕು ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿದರು. ಒಳಗೆ ಥರ್ಮೋಸ್ಟಾಟೇ ಇರಲಿಲ್ಲ.

ಹಿಂದೆ ಯಾವಾಗಲೋ, ಯಾರೋ ತೆಗೆದುಹಾಕಿದ್ದಾರೆ. ಬೇಸಿಗೆಯಲ್ಲಿ ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಆ ಸಣ್ಣ ಕವಾಟದ ಕೆಲಸ ಇಂಜಿನ್ ಬೇಗ ಬಿಸಿಯಾಗುವಂತೆ ನೋಡಿಕೊಂಡು, 80 ಡಿಗ್ರಿ ಆಸುಪಾಸಿಗೆ ಬಂದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವುದು. ಅದಿಲ್ಲದಿದ್ದರೆ ಹೆದ್ದಾರಿಯ ಗಾಳಿಗೆ ಇಂಜಿನ್ ಯಾವಾಗಲೂ ಅರೆಬೆಚ್ಚಗೆ. ತಣ್ಣನೆಯ ಇಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ, ಹನಿಹನಿಯಾಗಿ ಗೋಡೆಗೆ ಅಂಟುತ್ತದೆ. ಆಯಿಲ್ ದಪ್ಪವಾಗಿಯೇ ಉಳಿಯುತ್ತದೆ. ಗಾಡಿ ಎಳೆಯಬೇಕಾದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಬೇಕು. ಚೋಕ್ ಕೇಬಲ್ಲೂ ತುಕ್ಕು ಹಿಡಿದು ಪೂರ್ತಿ ಹಿಂದೆ ಹೋಗುತ್ತಿರಲಿಲ್ಲ. ಪ್ಲಗ್ಗುಗಳ ಮೇಲೆ ಮಸಿ. ಹೊಗೆ ತಪಾಸಣೆಯ ಯಂತ್ರದಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 5ರ ಹತ್ತಿರ ಬಂತು. ಇಷ್ಟು ಹಳೆಯ ಗಾಡಿಗೆ ಮಿತಿ 3. ಹಿಂದಿನ ಸರ್ಟಿಫಿಕೇಟ್ ಹೇಗೆ ಸಿಕ್ಕಿತ್ತು ಎಂದು ನಾನು ಕೇಳಲಿಲ್ಲ.

ಕೊನೆಗೆ ಸಿಕ್ಕಿದ್ದು ಎಲ್ಲಕ್ಕಿಂತ ಕಳ್ಳ ದೋಷ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಕಾರ್ಬ್ಯುರೇಟರಿನಿಂದ ಒಂದು ತೆಳು ರಬ್ಬರ್ ಪೈಪ್ ಬರುತ್ತದೆ, ಅದರ ತುದಿಗೆ ವ್ಯಾಕ್ಯೂಮ್ ಡಬ್ಬಿ. ಮಿಸ್ತ್ರಿ ಪೈಪಿನ ತುದಿ ಬಾಯಲ್ಲಿಟ್ಟು ಎಳೆದರು. ಡಬ್ಬಿ ಸರಿ ಇದ್ದರೆ ಪೈಪು ನಾಲಿಗೆಯನ್ನು ಕಚ್ಚಿ ಹಿಡಿಯಬೇಕು. ಗಾಳಿ ಸಲೀಸಾಗಿ ಬಂತು. ಒಳಗಿನ ಪರದೆ ಹರಿದಿತ್ತು.

ಇದರ ಕೆಲಸ ಹೀಗೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಆರಾಮಾಗಿ ಹೋಗುವಾಗ ಸಿಲಿಂಡರಿನೊಳಗೆ ಮಿಶ್ರಣ ಕಡಿಮೆ ಇರುತ್ತದೆ, ನಿಧಾನಕ್ಕೆ ಉರಿಯುತ್ತದೆ. ಆಗ ಕಿಡಿ ಸ್ವಲ್ಪ ಮೊದಲೇ ಬೀಳಬೇಕು. ಆ ಮುಂಚಿತ ಕಿಡಿ ಕೊಡುವುದು ಈ ಡಬ್ಬಿ. ಪರದೆ ಹರಿದರೆ ಇಂಜಿನ್ ಮಿಸ್ ಹೊಡೆಯುವುದಿಲ್ಲ, ಶಬ್ದ ಮಾಡುವುದಿಲ್ಲ. ಪೂರ್ತಿ ಒತ್ತಿದರೆ ಪಿಕಪ್ಪೂ ಇರುತ್ತದೆ. ನಿಧಾನಕ್ಕೆ ಹೋಗುವವನ ಜೇಬಿಗೆ ಮಾತ್ರ ಕತ್ತರಿ. ಕಿಡಿ ಬೀಳುವ ಹೊತ್ತು ನೋಡುವ ಟೈಮಿಂಗ್ ಲೈಟ್ ಹಿಡಿದು ಐಡಲಿಂಗ್‌ನಲ್ಲಿ ಮಾತ್ರ ನೋಡುವ ಗ್ಯಾರೇಜಿನಲ್ಲಿ ಇದು ವರ್ಷಗಟ್ಟಲೆ ಸಿಕ್ಕಿಬೀಳುವುದಿಲ್ಲ.

ಥರ್ಮೋಸ್ಟಾಟ್, ಚೋಕ್ ಕೇಬಲ್, ವ್ಯಾಕ್ಯೂಮ್ ಡಬ್ಬಿ, ಪ್ಲಗ್, ಏರ್ ಫಿಲ್ಟರ್. ಎಲ್ಲ ಒಂದೇ ದಿನ ಹಾಕಿದರು. ಒಂದೊಂದಾಗಿ ಹಾಕಿ ಒಂದೊಂದು ಟ್ಯಾಂಕ್ ಅಳೆಯುವುದು ಸರಿಯಾದ ಕ್ರಮ ನಿಜ. ಆದರೆ ಗಾಡಿ ಬಿಚ್ಚಿಟ್ಟ ಮಿಸ್ತ್ರಿಗೆ "ಉಳಿದದ್ದಕ್ಕೆ ಮುಂದಿನ ತಿಂಗಳು ಬರ್ತೀವಿ" ಎಂದು ಹೇಳುವ ಧೈರ್ಯ ಯಾರಿಗಿದೆ? ಹಾಗಾಗಿ ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಒಟ್ಟಿಗೆ 8.8ರಿಂದ 10.2 ಆಯಿತು. ಕಾರ್ಬನ್ ಮೊನಾಕ್ಸೈಡ್ 2ಕ್ಕಿಂತ ಕೆಳಗೆ ಬಂತು. ಬಿಡಿಭಾಗ, ಕೂಲಿ ಎಲ್ಲ ಸೇರಿ ಒಂದು ಹೊಸ ಟೈರಿನ ಬೆಲೆಯೊಳಗೆ ಮುಗಿಯಿತು.

ಕಾರ್ಬ್ಯುರೇಟರ್ ಪಕ್ಕದ ರಬ್ಬರ್ ಪೈಪ್ ಉಬ್ಬಿ, ಜಾಯಿಂಟಿನಲ್ಲಿ ಪೆಟ್ರೋಲ್ ಬೆವರುತ್ತಿದ್ದುದೂ ಅವತ್ತೇ ಕಣ್ಣಿಗೆ ಬಿತ್ತು. ಈಗ ಬಂಕಿನಲ್ಲಿ ಬರುವುದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. 1998ರ ರಬ್ಬರಿಗೆ ಅದರ ಅಭ್ಯಾಸವಿಲ್ಲ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಇ20ರಲ್ಲಿ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳರಷ್ಟು ಶಕ್ತಿ ಕಡಿಮೆ. ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಎಂಪಿಎಫ್ಐ ಗಾಡಿಯಲ್ಲಿ ಸೆನ್ಸರ್ ನೋಡಿ ಮಿಶ್ರಣ ತಾನೇ ಸರಿಹೋಗುತ್ತದೆ, ಕಾರ್ಬ್ಯುರೇಟರಿಗೆ ಅಷ್ಟು ಬುದ್ಧಿಯಿಲ್ಲ. ಕಾಕಾ ಹೇಳುವ "ಮದ್ಲ ಹನ್ನೆರಡು ಕೊಡ್ತಿತ್ತು" ಎಂಬ ಕಾಲದ ಪೆಟ್ರೋಲೇ ಬೇರೆ. ಆ ಅಂಕಿಯ ಬೆನ್ನು ಹತ್ತಿದರೆ ನಿರಾಸೆ ಖಚಿತ. ನಮ್ಮ ಅಳತೆಗಳೆಲ್ಲ ಮೊದಲಿನಿಂದ ಕೊನೆಯವರೆಗೆ ಇ20ಯಲ್ಲೇ ಆದದ್ದರಿಂದ ಒಂದಕ್ಕೊಂದು ಹೋಲಿಸಲು ಅಡ್ಡಿಯಿಲ್ಲ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿದೆವು. ಅದು ಮೈಲೇಜಿಗಲ್ಲ, ಬೆಂಕಿಯ ಭಯಕ್ಕೆ.

ಉಳಿದದ್ದು ಬಲಗಾಲಿನದು

ಮೇಲಿನ ಕ್ಯಾರಿಯರ್ ಇಳಿಸಿದೆವು. ಅದರ ಮೇಲೆ ಖಾಲಿ ಡಬ್ಬಿ, ಹಗ್ಗ, ಎರಡು ಸಲಾಕೆ. ವರ್ಷವಿಡೀ ಗಾಳಿಗೆ ಎದುರಾಗಿ ಹುಬ್ಬಳ್ಳಿ ನೋಡಿಕೊಂಡು ಬರುತ್ತಿದ್ದವು. ಹೆದ್ದಾರಿಯಲ್ಲಿ ಕಾಕಾ ಇಡುತ್ತಿದ್ದ ವೇಗ ಮುಳ್ಳಿನಲ್ಲಿ 75. ಜಿಪಿಎಸ್‌ನಲ್ಲಿ ಅದು 80. ಕಂಪನಿಯವರು ವೇಗದ ಮುಳ್ಳನ್ನು ಸ್ವಲ್ಪ ಜಾಸ್ತಿ ತೋರಿಸುವಂತೆ ಇಟ್ಟಿರುತ್ತಾರೆ. ದೊಡ್ಡ ಟೈರು ಆ ಜಾಸ್ತಿಯನ್ನೂ ನುಂಗಿ ಇನ್ನೂ ಮುಂದೆ ಹೋಗಿತ್ತು. ನಿಜವಾದ 65ಕ್ಕೆ ಇಳಿಸಲು ಒಪ್ಪಿಸಿದೆ. ಗಾಳಿಯ ತಡೆ ವೇಗದ ವರ್ಗದ (ವೇಗ ಗುಣಿಸು ವೇಗ) ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಅದು 65ರಲ್ಲಿ ಇರುವುದಕ್ಕಿಂತ ಒಂದೂವರೆ ಪಟ್ಟು. ಗದಗ–ಹುಬ್ಬಳ್ಳಿ 58 ಕಿಲೋಮೀಟರಿಗೆ ಇದರಿಂದ ಆಗುವ ತಡ ಹತ್ತು ನಿಮಿಷದ ಆಸುಪಾಸು. ಅಣ್ಣಿಗೇರಿಯ ಚಹಾ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಲೆಕ್ಕ 11ಕ್ಕೆ ಬಂತು.

ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಒಂದನ್ನು ಕಾಕಾ ಎಲ್ಲೋ ಕೊಂಡಿದ್ದರು. ಇದ್ದಾಗ ಒಂದು ಟ್ಯಾಂಕ್, ತೆಗೆದ ಮೇಲೆ ಒಂದು ಟ್ಯಾಂಕ್ ಅಳೆದೆವು. ಏನೂ ಇಲ್ಲ. ಈಗ ಅದು ಫ್ರಿಜ್ಜಿನ ಬಾಗಿಲಲ್ಲಿ ಕರೆಂಟ್ ಬಿಲ್ ಹಿಡಿದುಕೊಂಡಿದೆ. ಮುಂದಿನ ಚಕ್ರಗಳಿಗೆ, ಬೇಡದಾಗ ಅವನ್ನು ಆಕ್ಸಲಿನಿಂದ ಬಿಡಿಸುವ ಫ್ರೀ ವೀಲಿಂಗ್ ಹಬ್ ಹಾಕಿಸುವ ಯೋಚನೆಯನ್ನು ಬಿಟ್ಟೆವು. ಆಕ್ಸಲ್ ಸುಮ್ನೆ ಸುತ್ತುವುದು ತಪ್ಪಿ ಸ್ವಲ್ಪ ಉಳಿಯಬಹುದು, ಆದರೆ ಕೆಸರಿನಲ್ಲಿ ಇಳಿದು ಹಬ್ ತಿರುಗಿಸಲು ಕಾಕಾಗೆ ಮನಸ್ಸಿಲ್ಲ.

ಹಣದ ಲೆಕ್ಕ ಹಾಕುವಾಗ ಲೀಟರಿಗೆ ಕಿಲೋಮೀಟರ್ ಬಿಟ್ಟು, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ನೋಡಬೇಕು. 8ರಿಂದ 8.8 ಆದಾಗ ನೂರು ಕಿಲೋಮೀಟರಿಗೆ ಉಳಿದದ್ದು 1.1 ಲೀಟರ್. 10.2ರಿಂದ 11 ಆದಾಗಲೂ ಏರಿಕೆ ಅಷ್ಟೇ, ಉಳಿದದ್ದು ಮಾತ್ರ 0.7. ಕೆಳಗಿನ ಅಂಕಿಯಲ್ಲಿ ಸಿಗುವ ಒಂದೊಂದು ಬಿಂದುವಿಗೂ ಬೆಲೆ ಜಾಸ್ತಿ. ಒಟ್ಟಾರೆ 12.5 ಲೀಟರ್ ಇದ್ದದ್ದು 9.1 ಆಗಿದೆ. ಹುಬ್ಬಳ್ಳಿಗೆ ಹೋಗಿ ಬಂದರೆ ನಾಲ್ಕು ಲೀಟರ್ ಉಳಿತಾಯ. ಲೀಟರ್ ನೂರು ರೂಪಾಯಿ ದಾಟಿರುವಾಗ ಒಂದೊಂದು ಓಟಕ್ಕೆ ನಾನೂರು ರೂಪಾಯಿ.

ಟೈರಿನ ಮಾತು ಇನ್ನೂ ಬಾಕಿ ಇದೆ. ಮೈಲೇಜಿಗೋಸ್ಕರ ಒಳ್ಳೆಯ ಟೈರು ಬಿಚ್ಚಿ ಎಸೆಯುವುದು ದಡ್ಡತನ, ಆ ಹಣ ಪೆಟ್ರೋಲಿನಲ್ಲಿ ವಾಪಸ್ ಬರಲು ವರ್ಷಗಳು ಬೇಕು. ಆದರೆ ದೊಡ್ಡ ಚಕ್ರದಿಂದ ಐದನೇ ಗೇರು ಉದ್ದವಾಗಿ (ಅದೇ ವೇಗಕ್ಕೆ ಇಂಜಿನ್ ಕಡಿಮೆ ಸುತ್ತಿ), ಎದುರುಗಾಳಿಯಲ್ಲಿ ಗಾಡಿ ಎಳೆಯದೆ ನಾಲ್ಕಕ್ಕೆ ಇಳಿಸಬೇಕಾಗುತ್ತಿದೆ. ಈಗಿನವು ಸವೆದ ಮೇಲೆ 215/75 ಆರ್ 15 ಹಾಕುವುದು ಎಂದು ಮಾತಾಗಿದೆ. ಅಷ್ಟು ಅಗಲ ಎರೆಹೊಲಕ್ಕೆ ಸಾಕು. ಆಗ ನೋಟ್‌ಬುಕ್ಕಿನ ಮೊದಲ ಪುಟದ 1.098 ಹೊಡೆದುಹಾಕಿ 1.05 ಎಂದು ಬರೆಯಬೇಕು, ಕಲ್ಲುಗಳ ಜೊತೆ ಮತ್ತೊಮ್ಮೆ ತಾಳೆ ನೋಡಿದ ಮೇಲೆ.